ಒಂದೇ ಸಲದ ಎಚ್ಚರಿಕೆ

ವೆನಿಯಾಮಿನ್‌ಗೆ ಬೆಳಗ್ಗೆ ಎದ್ದಾಗಿನಿಂದ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತಿತ್ತು. ಇಂಥವರನ್ನೇ ಎಂದಲ್ಲ. ಬಸ್ಸಿನಲ್ಲಿ ಎದುರು ಕೂತು ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆಯನ್ನು ಅಂಗೈಗೆ ಉಗಿದುಕೊಳ್ಳುತ್ತಿದ್ದ ಮುದುಕನಾದರೂ ಸರಿ, ಮುಖ ನೋಡದೆ ಚಿಲ್ಲರೆ ಕೊಟ್ಟ ಕಂಡಕ್ಟರಮ್ಮನಾದರೂ ಸರಿ. ನಲವತ್ತು ದಾಟಿದ ಈ ಬದುಕಿನಲ್ಲಿ ಅವನು ಯಾರ ಮೇಲೂ ಕೈ ಎತ್ತಿದವನಲ್ಲ. ಅದನ್ನು ತನ್ನ ಒಳ್ಳೆಯತನ ಎಂದುಕೊಂಡಿದ್ದ. ಈಗ ಕೈಗವಸಿನೊಳಗೆ ಬೆರಳುಗಳು ತಾವಾಗಿಯೇ ಮಡಿಸಿಕೊಂಡು ಬಿಗಿಯುತ್ತಿದ್ದವು, ಬಿಡಿಸಿದರೆ ಮತ್ತೆ ಬಿಗಿಯುತ್ತಿದ್ದವು. ಹೊರಗೆ ಮಾರ್ಚ್ ತಿಂಗಳ ಹಿಮ ಕಲ್ಲಿದ್ದಲ ಪುಡಿ ಹೀರಿ ಕಪ್ಪಗೆ ಬಿದ್ದಿತ್ತು. ನಿನ್ನೆ ಸಂಜೆ ಊಟದ ಹೊತ್ತಿಗೆ ಗೋಡೆಯಾಚೆ ನೊನ್ನಾ ಕೂಗಿದ್ದಳು. ಒಂದೇ ಸಲ. ಪಕ್ಕದ ಮನೆಯ ಜಖಾರನ ಹೆಂಡತಿ. ಗಣಿಯವರು ಕಟ್ಟಿಸಿಕೊಟ್ಟ ಆ ಐದು ಮಹಡಿಯ ಕಟ್ಟಡದಲ್ಲಿ ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳುತ್ತದೆ. ವೆನಿಯಾಮಿನ್ ಗೋಡೆಗೆ ಕಿವಿಯಿಟ್ಟು ಎರಡನೇ ಕೂಗಿಗಾಗಿ ಕಾದ. ಅದು ಬರಲಿಲ್ಲ. ಬಂದಿದ್ದರೆ ಖಂಡಿತ ಹೋಗುತ್ತಿದ್ದೆ ಎಂದು ತನಗೆ ತಾನೇ ಹೇಳಿಕೊಂಡ. ಬೆಳಗ್ಗೆ ಬಸ್ಸಿನಲ್ಲೂ ಅದನ್ನೇ ಹೇಳಿಕೊಂಡ. ಹೋದ ಚಳಿಗಾಲದಲ್ಲಿ ಹೀಗೇ ಆದಾಗ ಪೊಲೀಸರಿಗೆ ಫೋನ್ ಮಾಡಿದ್ದ. ಆ ಕಡೆಯವನು ಆಕಳಿಸುತ್ತ, "ಈಗಲೂ ಕೂಗ್ತಾ ಇದ್ದಾಳೇನ್ರೀ? ಇಲ್ವಾ? ಮತ್ತೆ ನಮಗ್ಯಾಕೆ ಫೋನ್ ಮಾಡಿದ್ರಿ?" ಎಂದಿದ್ದ. ಮರುದಿನ ಜಖಾರ್ ಮೆಟ್ಟಿಲ ಮೇಲೆ ಎದುರಾದ. ಫೋನಿನ ಸುದ್ದಿ ಎತ್ತಲಿಲ್ಲ. "ಮಫ್ಲರ್ ಸಡಿಲಾಗಿದೆಯಲ್ಲ ನೆಂಟ, ಶೀತ ಆಗುತ್ತೆ" ಎಂದು ಆ ದಪ್ಪ ಕೈಗಳಿಂದ ವೆನಿಯಾಮಿನ್‌ನ ಮಫ್ಲರನ್ನು ಬಿಚ್ಚಿ, ಕುತ್ತಿಗೆಗೆ ಸುತ್ತಿ, ಉಸಿರು ಹಿಡಿಯುವಷ್ಟು ಬಿಗಿಯಾಗಿ ಕಟ್ಟಿ, ಕೆನ್ನೆ ತಟ್ಟಿ ಹೋದ. ವೆನಿಯಾಮಿನ್ "ಥ್ಯಾಂಕ್ಸ್" ಎಂದಿದ್ದ. ಆ ಮಾತು ನೆನಪಾದಾಗಲೆಲ್ಲ ಅವನಿಗೆ ತನ್ನ ನಾಲಿಗೆಯನ್ನೇ ಕಡಿದು ಉಗಿಯಬೇಕು ಅನ್ನಿಸುತ್ತದೆ.

ಗಣಿ ಕಚೇರಿಯ ಮೂರನೇ ಮಹಡಿಯಲ್ಲಿ ಅವರ ಕೋಣೆ. ಮೂರೇ ಜನ. ಮುಖ್ಯಸ್ಥೆ ಕ್ಲಾರಾ ಯೆವ್ಗೆನ್ಯೆವ್ನಾ, ವೆನಿಯಾಮಿನ್, ಆಮೇಲೆ ಮೂವತ್ತರ ಆಸುಪಾಸಿನ ರಿನಾತ್ ಎಂಬ ತಾತಾರ ಜನಾಂಗದವನು. ನೆಲದಡಿಯ ಸುರಂಗಗಳಲ್ಲಿ ತೂಗುಹಾಕಿದ ಸೆನ್ಸರುಗಳು ಗಾಳಿಯಲ್ಲಿ ಮೀಥೇನ್ ಎಷ್ಟಿದೆ ಎಂದು ಅಳೆದು ತಂತಿಯ ಮೂಲಕ ಮೇಲಕ್ಕೆ ಹೇಳುತ್ತವೆ. ಯಾರ ಕಣ್ಣಿಗೂ ಬೀಳದೆ ಹಗಲಿರುಳು ಕೂತು ಅದನ್ನು ಕೇಳಿಸಿಕೊಳ್ಳುವ ಪ್ರೋಗ್ರಾಮಿಗೆ ಈ ಕಸುಬಿನವರು ಡೀಮನ್ ಅನ್ನುತ್ತಾರೆ. ಹಳೆಯ ಡೀಮನ್ ಕ್ಲಾರಾ ಅವರೇ ಬರೆದದ್ದು. ಅದು ಅಂಚೆಯವನ ಹಾಗೆ ಒಂದೊಂದು ಸೆನ್ಸರಿನ ಬಾಗಿಲಿಗೂ ಹೋಗಿ 'ಏನಾದರೂ ಇದೆಯಾ' ಎಂದು ಕೇಳಿ ಮುಂದಕ್ಕೆ ಹೋಗುತ್ತಿತ್ತು. ಹೊಸ ಸುರಂಗಗಳು ತೆರೆದು ಸೆನ್ಸರುಗಳು ನೂರಾರು ಆದ ಮೇಲೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಮೊದಲನೆಯದರ ಸುದ್ದಿ ಹಳಸಿರುತ್ತಿತ್ತು. ಸುತ್ತು ಹೊಡೆಯದ ಡೀಮನ್ ಬೇಕಾಗಿತ್ತು: ತಾನು ಮಲಗಿರಬೇಕು, ಯಾವುದೋ ಸೆನ್ಸರ್ ಮಾತಾಡಿದಾಗ ಸಿಸ್ಟಂ ಅದನ್ನು ಎಬ್ಬಿಸಬೇಕು. ಹೇಗೆ ಎಬ್ಬಿಸಬೇಕು ಎಂಬುದೇ ಜಗಳ. ರಿನಾತ್ ಹೇಳಿದ ದಾರಿಯಲ್ಲಿ, ಬಾಗಿಲಲ್ಲಿ ಓದದೇ ಬಿದ್ದ ಸುದ್ದಿ ಒಂದಕ್ಷರ ಇದ್ದರೂ ಸಿಸ್ಟಂ ಬಿಡದೆ ಎಬ್ಬಿಸುತ್ತಲೇ ಇರುತ್ತದೆ. ವೆನಿಯಾಮಿನ್ ಹೇಳಿದ ದಾರಿಯಲ್ಲಿ ಹೊಸದು ಬಂದ ಕ್ಷಣ ಒಂದೇ ಸಲ ಎಬ್ಬಿಸುತ್ತದೆ. ಆಮೇಲೆ ಎಲ್ಲ ನಿನ್ನ ಹೊಣೆ. ಅದರಲ್ಲಿ ವೇಗವಿದೆ, ಗದ್ದಲವಿಲ್ಲ. ಅವನ ಮನಸ್ಸಿಗೆ ಅದು ತುಂಬ ಸಭ್ಯವಾಗಿ ಕಂಡಿತ್ತು. ಚರ್ಚೆಯ ದಿನ ಅವನು, "ತೊಟ್ಟಿಲ ಮಗು ಥರ ಅಳ್ತಾನೇ ಇರೋದು ಬೇಕಿದ್ರೆ ರಿನಾತ್‌ದು ಇಟ್ಕೊಳ್ಳಿ. ಒಂದ್ಸಲ ಹೇಳಿದ್ರೆ ತಿಳ್ಕೊಳ್ಳೋ ಬುದ್ಧಿ ಇರೋರಿಗೆ ನನ್ನದು" ಎಂದಿದ್ದ. ಕ್ಲಾರಾ ಯೆವ್ಗೆನ್ಯೆವ್ನಾ ನಕ್ಕಿದ್ದರು. ಜೀವಮಾನದಲ್ಲಿ ಯಾರನ್ನೂ ನಗಿಸದ ವೆನಿಯಾಮಿನ್ ಆ ನಗುವನ್ನು ಮನೆಗೆ ಒಯ್ದು ಹಲವು ದಿನ ಮೆಲುಕು ಹಾಕಿದ್ದ. ರಿನಾತ್ ಮಾತ್ರ ನಗದೆ, "ಮನುಷ್ಯರು ಒಂದ್ಸಲಕ್ಕೆ ತಿಳ್ಕೊಂಡಿದ್ದು ನಾನಂತೂ ನೋಡಿಲ್ಲಪ್ಪ" ಎಂದು ಗೊಣಗಿದ್ದ.

ಈವತ್ತು ಮಧ್ಯಾಹ್ನ ಹಳೆಯದನ್ನು ನಿಲ್ಲಿಸಿ ವೆನಿಯಾಮಿನ್‌ನ ಡೀಮನ್ ಕೂರಿಸುವುದೆಂದು ನಿರ್ಧಾರವಾಗಿತ್ತು. ಅದರಲ್ಲೊಂದು ತಪ್ಪಿದೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಹೋದ ವಾರ ಪರೀಕ್ಷೆಗೆಂದು ಓಡಿಸುತ್ತಿದ್ದಾಗ ಹದಿನೇಳನೇ ಸುರಂಗದ ಅಂಕಿ ಪರದೆಯ ಮೇಲೆ ಹಸಿರಾಗಿ ಕೂತದ್ದು ಕೂತೇ ಇತ್ತು. ಉಳಿದವೆಲ್ಲ ಸಣ್ಣಗೆ ಏರಿಳಿಯುತ್ತಿದ್ದರೂ ಅದೊಂದು ಅಲ್ಲಾಡಲಿಲ್ಲ. ಅವನು ಡೀಮನ್ನನ್ನು ನಿಲ್ಲಿಸಿ ಮತ್ತೆ ಓಡಿಸಿದ, ಅಂಕಿ ಅಲ್ಲಾಡಿತು. ಯಾರಿಗೂ ಹೇಳದೆ ಸಂಜೆಯವರೆಗೆ ಕೂತು ಕಾರಣ ಹುಡುಕಿದ. ಒಂದು ಸೆನ್ಸರ್ ಬಾಯಿಬಡುಕನಾಗಿ ಉಳಿದವರ ಸರದಿ ನುಂಗದಿರಲಿ ಎಂದು ಒಮ್ಮೆಗೆ ಇಷ್ಟೇ ಓದಬೇಕು ಎಂಬ ಮಿತಿ ಇಟ್ಟಿದ್ದ. ಮಿತಿ ಮುಟ್ಟಿದ ಮೇಲೆ ಉಳಿದದ್ದಕ್ಕೆ ಮರಳಿ ಬರಬೇಕು ಎಂಬುದನ್ನು ಬರೆಯಲು ಮರೆತಿದ್ದ. ಉಳಿದರ್ಧ ಬಾಗಿಲಲ್ಲೇ ಬಿದ್ದಿರುತ್ತದೆ. ಸಿಸ್ಟಂ ಒಂದು ಸಲ ಹೇಳಿಯಾಗಿದೆ, ಮತ್ತೆ ಹೇಳುವುದಿಲ್ಲ. ಕಳಿಸಿದ್ದು ತಲುಪಿತು ಎಂಬ ಉತ್ತರ ಬಾರದೆ ಸೆನ್ಸರ್ ಹೊಸದನ್ನು ಕಳಿಸದು, ಹೊಸದು ಬಾರದೆ ಡೀಮನ್ ಏಳದು. ಎರಡೂ ಒಂದನ್ನೊಂದು ಕಾಯುತ್ತ ಕೂರುತ್ತವೆ. ಅದೂ ಯಾವಾಗ? ಅನಿಲ ಸರಸರ ಏರಿ ಸೆನ್ಸರ್ ಉದ್ದುದ್ದ ಸುದ್ದಿ ಕಳಿಸಿದಾಗ. ಕೇಳಿಸಿಕೊಳ್ಳಲೇಬೇಕಾದ ಹೊತ್ತಿನಲ್ಲೇ ಕಿವುಡು. ತಿದ್ದಲು ನಾಲ್ಕು ಸಾಲು ಸಾಕು. ಆದರೆ ತಿದ್ದಿದರೆ ಪರೀಕ್ಷೆಗಳೆಲ್ಲ ಮೊದಲಿನಿಂದ, ಪರೀಕ್ಷೆ ಯಾಕೆ ಎಂದರೆ ಕಾರಣ ಹೇಳಬೇಕು, ಹೇಳಿದರೆ ಆ ನಗುವನ್ನು ಕ್ಲಾರಾ ಯೆವ್ಗೆನ್ಯೆವ್ನಾ ವಾಪಸು ತೆಗೆದುಕೊಳ್ಳುತ್ತಾರೆ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ವಾರ ಕಳೆದಿತ್ತು. ನಿನ್ನೆಯ ಕೂಗಿನ ನಂತರ ಅದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿತು. ಹದಿನೇಳನೇ ಸುರಂಗದಲ್ಲಿ ಕಲ್ಲಿದ್ದಲು ಕಡಿಯುವ ಯಂತ್ರ ಓಡಿಸುವವನು ಜಖಾರ್.

ಆ ಯೋಚನೆ ಬೆಳಗ್ಗೆ ಹಲ್ಲುಜ್ಜುವಾಗ ಬಂದಿತ್ತು. ಜಖಾರ್ ಮೊದಲ ಪಾಳಿಗೆ ಹೊರಟು ಶಿಳ್ಳೆ ಹಾಕುತ್ತ ಮೆಟ್ಟಿಲು ಇಳಿಯುತ್ತಿದ್ದ. ಹೆಂಡತಿಗೆ ಹೊಡೆದ ಮರುದಿನ ಅವನು ಶಿಳ್ಳೆ ಹಾಕುತ್ತಾನೆ, ಅದು ಅವನ ಪದ್ಧತಿ. ವೆನಿಯಾಮಿನ್ ಬಾಯಿಯ ನೊರೆ ಉಗಿಯದೆ ಹಾಗೇ ನಿಂತ. ತಾನು ಏನೂ ಮಾಡಬೇಕಾಗಿಲ್ಲ. ಬಾಗಿಲು ಬಡಿಯಬೇಕಾಗಿಲ್ಲ, ಆ ಕೈಗಳ ಎದುರು ನಿಲ್ಲಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವನಿಗೆ ಚೆನ್ನಾಗಿ ಗೊತ್ತಿದ್ದ ಒಂದೇ ವಿದ್ಯೆ. ಸುರಂಗ ತುಂಬ ಬೆಂಕಿ ನುಗ್ಗಿ ಜಖಾರನ ದಪ್ಪ ಕೈ, ಮುಖ, ಶಿಳ್ಳೆ ಹಾಕುವ ತುಟಿ ಸುಟ್ಟು ಸಿಪ್ಪೆಯಾಗುವುದನ್ನು ಕಂಡ. ಕಂಡು ಅವನಿಗೆ ಹಿತವಾಯಿತು. ಹೊಟ್ಟೆಯೊಳಗೆ ಬಿಸಿ ಸೂಪು ಇಳಿದಷ್ಟು ಹಿತ. ಆ ಸುರಂಗದಲ್ಲಿ ಇನ್ನೂ ಮೂವತ್ತು ಜನ ಇರುತ್ತಾರೆ ಎಂಬುದು ಆಮೇಲೆ ಹೊಳೆಯಿತು. ಹೊಳೆದದ್ದು ತಡವಾಗಿ ಎಂಬುದು ಅವನನ್ನು ಹೆದರಿಸಿತು. ಬಸ್ಸಿನಲ್ಲಿ ಬೆರಳು ಮಡಿಸಿಕೊಳ್ಳಲು ಶುರುವಾದದ್ದು ಅದಾದ ಮೇಲೆ.

ಮಧ್ಯಾಹ್ನ ಕ್ಲಾರಾ ಯೆವ್ಗೆನ್ಯೆವ್ನಾ ಚಹಾದ ಲೋಟ ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು, ತಮ್ಮ ಹಳೆಯ ಡೀಮನ್ನನ್ನು ನಿಲ್ಲಿಸಲು ಕೀಬೋರ್ಡಿನ ಮುಂದೆ ಕೂತರು. ಹನ್ನೊಂದು ವರ್ಷ ಓಡಿದ ಪ್ರೋಗ್ರಾಂ. ಕೈ ಒಂದು ಕ್ಷಣ ಮೇಲೆಯೇ ನಿಂತಿತು.

"ವೆನಿಯಾಮಿನ್ ಅರ್ಕಾದ್ಯೆವಿಚ್, ಹೇಳೋದೇನಾದ್ರೂ ಇದೆಯಾ? ಇದ್ರೆ ಈಗ್ಲೇ ಹೇಳಿಬಿಡಿ."

"ಏನಿಲ್ಲ" ಎಂದ ವೆನಿಯಾಮಿನ್.

"ಮುಖ ಯಾಕೋ ಬಿಳಿಚಿಕೊಂಡಿದೆ ಸಾಹೇಬ್ರದ್ದು" ಎಂದ ರಿನಾತ್. "ಮಗು ಹುಟ್ಟೋ ಹೊತ್ತಿಗೆ ಅಪ್ಪಂದಿರು ಹೀಗೇ ಆಡೋದು. ಹೋಗಿ ಒಂದು ಸಿಗರೇಟ್ ಸೇದಿ ಬನ್ನಿ, ಹೆಣ್ಣೋ ಗಂಡೋ ನಾವು ನೋಡ್ಕೋತೀವಿ."

ವೆನಿಯಾಮಿನ್ ಹೋಗಲಿಲ್ಲ. ಅವನ ಡೀಮನ್ ಎದ್ದು ಕೂತಿತು. ಪರದೆ ತುಂಬ ನೂರಾರು ಹಸಿರು ಅಂಕಿಗಳು ಮಿನುಗಿದವು. ರಿನಾತ್ ಊಟದ ಡಬ್ಬಿ ಬಿಚ್ಚಿ, ಹಬೆಯಲ್ಲಿ ಬೇಯಿಸಿದ ಮಾಂಸದ ಕಡುಬನ್ನು ಕೈಯಲ್ಲೇ ತಿನ್ನುತ್ತ, ನೋಡಲು ಚೆನ್ನಾಗಿಯೇ ಇದೆ, ಒಪ್ಪಿಕೊಂಡೆ ಎಂದ. ಆ ಒಪ್ಪಿಗೆ ವೆನಿಯಾಮಿನ್‌ಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಅವನು ಹದಿನೇಳನೆಯದನ್ನು ಮಾತ್ರ ನೋಡುತ್ತಿದ್ದ. ಶೇಕಡಾ ಸೊನ್ನೆ ಬಿಂದು ಮೂರು. ನಾಲ್ಕು. ಮೂರು. ಒಂದು ದಾಟಿದರೆ ಸುರಂಗದ ಕರೆಂಟು ಕಡಿಯಬೇಕು, ಐದಾದರೆ ಒಂದು ಕಿಡಿ ಸಾಕು. ಚಿಕ್ಕಂದಿನಲ್ಲಿ ಅಪ್ಪ ಅಮ್ಮನನ್ನು ಹೊಡೆಯುವಾಗ ಅವನು ಹೀಗೇ ಅಡುಗೆಮನೆಯ ಗಡಿಯಾರದ ಮುಳ್ಳನ್ನು ನೋಡುತ್ತ ಕೂರುತ್ತಿದ್ದ. ಮುಳ್ಳು ಹನ್ನೆರಡು ಮುಟ್ಟುವುದರೊಳಗೆ ಅಮ್ಮ ಇನ್ನೊಮ್ಮೆ ಕೂಗಿದರೆ ಏಳುತ್ತೇನೆ ಎಂದುಕೊಳ್ಳುತ್ತಿದ್ದ. ಅಮ್ಮ ಕೂಗುವವಳಲ್ಲ. ನೆರೆಯವರಿಗೆ ಕೇಳಿಸಬಾರದೆಂದು ಸೆರಗಿನಂತೆ ಹೊದ್ದ ಶಾಲನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಅದು ಅವನಿಗೆ ಆಗಲೂ ಗೊತ್ತಿತ್ತು, ಗೊತ್ತಿದ್ದೇ ಕಾಯುತ್ತಿದ್ದ. ಮೂರು. ಮೂರು. ಮೂರು. ಪಕ್ಕದ ಹದಿನೆಂಟು ಅಲ್ಲಾಡುತ್ತಿತ್ತು, ಹದಿನಾರು ಅಲ್ಲಾಡುತ್ತಿತ್ತು. ಹದಿನೇಳು ಹಸಿರಾಗಿ, ಶಾಂತವಾಗಿ, ಸತ್ತ ಮೀನಿನ ಕಣ್ಣಿನಂತೆ ನಿಂತಿತ್ತು.

ಅವನು ಸುಮ್ಮನೆ ಕೂತ. ಎಷ್ಟು ಹೊತ್ತು ಎಂದು ಅವನಿಗೆ ತಿಳಿಯಲಿಲ್ಲ. ಬೆಳಗಿನ ಹಿತ ಮತ್ತೆ ಹೊಟ್ಟೆಯಲ್ಲಿ ಹರಡಿತು. ಬೇಯಲಿ, ನಾಯಿ ಬೇಯಲಿ ಎಂದು ತುಟಿ ಅಲ್ಲಾಡಿಸಿದ. ರಿನಾತ್ ಬೆರಳು ನೆಕ್ಕುವ ಸದ್ದು ಕೇಳುತ್ತಿತ್ತು. ಆಗ ಇದ್ದಕ್ಕಿದ್ದಂತೆ ವಾಂತಿ ಬಂದಂತೆ ಮಾತು ಹೊರಬಿತ್ತು. ಅದನ್ನು ತಾನು ಆರಿಸಿಕೊಂಡೆ ಎಂದು ಆಮೇಲೂ ಅವನಿಗೆ ಹೇಳಿಕೊಳ್ಳಲಾಗಲಿಲ್ಲ.

"ಹದಿನೇಳು! ಹದಿನೇಳು ಸುಳ್ಳು ಹೇಳ್ತಿದೆ. ಕರೆಂಟ್ ಕಡೀರಿ. ಕಡೀರಿ ಅಂದೆ!"

ಕ್ಲಾರಾ ಯೆವ್ಗೆನ್ಯೆವ್ನಾ ಯಾಕೆ ಎಂದು ಕೇಳಲಿಲ್ಲ. ಕರೆಂಟು ಕಡಿಸಿ ಸುರಂಗಕ್ಕೆ ಫೋನ್ ಹಚ್ಚಿದರು. ಕೆಳಗಿನ ಮೇಸ್ತ್ರಿ ಕೈಯಲ್ಲಿ ಹಿಡಿಯುವ ಮೀಟರ್ ನೋಡಿ ಶೇಕಡಾ ಮೂರೂವರೆ ಎಂದು ಅರಚಿದ್ದು ಫೋನಿನಿಂದ ಕೋಣೆಗೆಲ್ಲ ಕೇಳಿಸಿತು. "ಎಲ್ಲರನ್ನೂ ಹೊರಗೆ ಹಾಕು. ಉಪಕರಣ ಬಿಟ್ಟು ಓಡಿ" ಎಂದರು. ಫೋನ್ ಇಟ್ಟು ಪರದೆಯತ್ತ ತಿರುಗಿದರು. ಪರದೆಯ ಮೇಲೆ ಹದಿನೇಳು ಇನ್ನೂ ಸೊನ್ನೆ ಬಿಂದು ಮೂರರಲ್ಲೇ ಹಸಿರಾಗಿತ್ತು.

ರಿನಾತ್ ಡಬ್ಬಿ ಮುಚ್ಚಿ ಎದ್ದು ನಿಂತ. ಅವನ ದನಿ ತಗ್ಗಿತ್ತು. "ನಿಮಗೆ ಹೇಗೆ ಗೊತ್ತಾಯ್ತು? ಏನನ್ನೂ ತೆರೆದು ನೋಡ್ಲಿಲ್ಲ, ಹುಡುಕಲಿಲ್ಲ. ಸುಮ್ನೆ ಕೂತಿದ್ದೋರು ಕಿರುಚಿದ್ರಿ."

"ಗೊತ್ತಿತ್ತು."

"ಎಂದಿನಿಂದ?"

"ಹೋದ ವಾರದಿಂದ."

"ನನ್ನ ತಮ್ಮ ಇದ್ದಾನೆ ಕಣೋ ಅಲ್ಲಿ. ಹದಿನೇಳರಲ್ಲಿ!" ಎಂದ ರಿನಾತ್. "ಲೇ ಕೊಲೆಗಡುಕ, ನನ್ನ ತಮ್ಮ ಇದ್ದಾನೆ!" ಅವನು ಕಾಲರ್ ಹಿಡಿಯುವ ಮೊದಲೇ ವೆನಿಯಾಮಿನ್ ಹೊಡೆದುಬಿಟ್ಟ. ಬೆಳಗಿನಿಂದ ಮಡಿಸಿಕೊಂಡಿದ್ದ ಕೈ ಹೋಗಿ ರಿನಾತ್‌ನ ಮೂಗಿಗೆ ಬಿತ್ತು. ಹೊಡೆಯಬಾರದ ಒಬ್ಬನನ್ನು, ಸರಿ ಹೇಳಿದ್ದ ಒಬ್ಬನನ್ನು, ಇಡೀ ಗಣಿಯಲ್ಲಿ ತನ್ನನ್ನು ಹೊಡೆಯುವ ಹಕ್ಕಿದ್ದ ಒಬ್ಬನನ್ನು ಹೊಡೆದ. ಮೂಳೆ ಸರಿದ ಸದ್ದು ಬೆರಳಿಗೆ ತಿಳಿಯಿತು. ರಿನಾತ್ ಕುಸಿಯಲಿಲ್ಲ. ರಕ್ತ ಸುರಿಸುತ್ತಲೇ ಬಂದು ಅವನನ್ನು ಮೇಜಿನ ಮೇಲೆ ಕೆಡವಿ, ತಲೆಯನ್ನು ಹಿಡಿದು ಮೇಜಿಗೆ ಕುಟ್ಟಿದ, ಮತ್ತೆ ಕುಟ್ಟಿದ. ಚಹಾದ ಲೋಟ ಒಡೆಯಿತು. ವೆನಿಯಾಮಿನ್ ತಡೆಯಲಿಲ್ಲ. ಇನ್ನಷ್ಟು ಬೀಳಲಿ ಅನ್ನಿಸಿತು, ಬಿದ್ದಷ್ಟೂ ಲೆಕ್ಕ ತೀರುತ್ತದೆ ಎಂಬ ದುರಾಸೆಯಾಯಿತು. ಕ್ಲಾರಾ ಯೆವ್ಗೆನ್ಯೆವ್ನಾ ನಡುವೆ ಬಂದು ರಿನಾತ್‌ನ ಬೆನ್ನಿಗೆ ಕೈಯಿಟ್ಟು, "ಬಿಡಪ್ಪ, ನಿನ್ನ ತಮ್ಮ ಮೇಲೆ ಬರ್ತಿದ್ದಾನೆ. ಹೋಗು, ಲಿಫ್ಟ್ ಹತ್ರ ಹೋಗು" ಎಂದರು. ರಿನಾತ್ ಹೋದ. ಅವರು ವೆನಿಯಾಮಿನ್‌ನ ಕಡೆ ತಿರುಗಲಿಲ್ಲ. ತಮ್ಮ ಹಳೆಯ ಡೀಮನ್ನನ್ನು ಮತ್ತೆ ಓಡಿಸಿ, ಬೆನ್ನು ಹಾಕಿಯೇ ಹೇಳಿದರು.

"ನಾನು ಕೇಳಿದ್ನಲ್ಲ ನಿಮ್ಮನ್ನ."

"ಕೇಳಿದ್ರಿ."

"ಒಂದ್ಸಲ ಕೇಳಿದ್ದು ಸಾಕಾಗ್ಲಿಲ್ಲವಾ? ಅಥವಾ ನಾನು ಕೇಳ್ತಾನೇ ಇರಬೇಕಿತ್ತಾ?" ಕೀಬೋರ್ಡನ್ನು ಬದಿಗೆ ತಳ್ಳಿ, "ರಿನಾತ್‌ದೇ ಕೂರಿಸ್ತೀನಿ. ನೀವು ನಾಳೆಯಿಂದ ಬರಬೇಡಿ. ವಿಚಾರಣೆಗೆ ಕರೆದಾಗ ಬನ್ನಿ" ಎಂದರು. ಅವನು ಕೋಟು ತೊಟ್ಟುಕೊಂಡ. ಅವರ ಚಹಾ ನೆಲದ ಮೇಲೆ ಹರಿದಿತ್ತು, ಒರೆಸಲೇ ಎಂದು ಕೇಳಬೇಕೆನ್ನಿಸಿತು. ಅದನ್ನು ದಾಟಿ ಹೊರಗೆ ಹೋದ.

ಎಲ್ಲರೂ ಮೇಲೆ ಬಂದರಂತೆ, ಒಬ್ಬರಿಗೂ ಏನೂ ಆಗಲಿಲ್ಲವಂತೆ ಎಂದು ಬಸ್ ನಿಲ್ದಾಣದಲ್ಲಿ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಯಾರೋ ಮೇಲಿನ ಕೋಣೆಯ ಪುಣ್ಯಾತ್ಮ ಪರದೆ ಹಸಿರಿದ್ದರೂ ಅಪಾಯ ಕಂಡುಹಿಡಿದನಂತೆ. ಸುದ್ದಿ ಅವನಿಗಿಂತ ಬೇಗ ಊರು ಸೇರಿ, ದಾರಿಯಲ್ಲಿ ತನ್ನ ಅರ್ಧವನ್ನು ಉದುರಿಸಿಕೊಂಡಿತ್ತು. ಮೆಟ್ಟಿಲು ಹತ್ತಿ ಬೀಗದ ಕೈ ತೆಗೆಯುವಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು. ಸ್ನಾನ ಮಾಡಿ ಕೆಂಪಗಾದ ಜಖಾರ್, ಕಣ್ಣಿನ ರೆಪ್ಪೆಯಂಚಿನಲ್ಲಿ ಮಾತ್ರ ತೊಳೆದರೂ ಹೋಗದ ಕಲ್ಲಿದ್ದಲ ಗೆರೆ. ಆಗಲೇ ಕುಡಿದಿದ್ದ.

"ವೆನ್ಯಾ! ನನ್ನ ತಂದೆ! ನನ್ನ ದೇವರು!" ಎಂದು ತಬ್ಬಿಕೊಂಡು, ಎತ್ತಿಕೊಂಡೇ ಒಳಗೆ ತಂದ. "ಆ ತಾತಾರ ಹೊಡೆದ್ನಂತಲ್ಲ ನಿನ್ನ? ನಾಳೆ ಅವನ ಕೈಕಾಲು ಮುರಿದು ಕೈಗೆ ಕೊಡ್ತೀನಿ. ಏ ನೊನ್ನಾ, ನೋಡೇ ಯಾರು ಬಂದ್ರು! ಈ ಮನುಷ್ಯ ಇಲ್ದಿದ್ರೆ ಈ ಹೊತ್ತಿಗೆ ನೀನು ವಿಧವೆ. ವೋಡ್ಕಾ ಬಗ್ಗಿಸು ಇವನಿಗೆ. ಕೈ ಮುಗಿ."

ಮೇಜಿನ ಮೇಲೆ ಕಪ್ಪು ಬ್ರೆಡ್ಡು, ಉಪ್ಪುಹಚ್ಚಿದ ಹಂದಿ ಕೊಬ್ಬು, ಸೌತೆಕಾಯಿ ಉಪ್ಪಿನಕಾಯಿ. ನೊನ್ನಾ ಒಲೆಯ ಬಳಿಯಿಂದ ಬಂದಳು. ಒಂದು ಕಣ್ಣು ಮುಚ್ಚಿಹೋಗಿತ್ತು. ಕೆಳದವಡೆ ಒಂದು ಕಡೆಗೆ ಊದಿ ಮುಖವೇ ಬೇರೆಯಾಗಿತ್ತು. ಅವಳು ಲೋಟಕ್ಕೆ ವೋಡ್ಕಾ ಬಗ್ಗಿಸಿದಳು, ಕೈ ಅಲುಗಲಿಲ್ಲ.

"ವಿಧವೆ" ಎಂದಳು, ಊದಿದ ಬಾಯಿಂದ ಆ ಮಾತನ್ನು ರುಚಿ ನೋಡುವವಳಂತೆ. ಆಮೇಲೆ ತೆರೆದಿದ್ದ ಒಂದು ಕಣ್ಣಿನಿಂದ ವೆನಿಯಾಮಿನ್‌ನನ್ನು ನೋಡಿದಳು. "ನಿನ್ನೆ ನಾನು ಕೂಗಿದಾಗ ನಿಮ್ಮ ಮನೆ ಟಿ.ವಿ. ಸದ್ದು ತಗ್ಗಿತು. ಕೇಳಿಸ್ಕೊಂಡ್ರು ಅಂತ ಗೊತ್ತಾಯ್ತು ನನಗೆ. ಅದಕ್ಕೇ ಮತ್ತೆ ಕೂಗಲಿಲ್ಲ. ಬರ್ತಾರೆ ಅಂತ ಕಾದೆ." ಲೋಟವನ್ನು ಅವನ ಮುಂದೆ ಸರಿಸಿದಳು. "ಸ್ವಲ್ಪ ಹೊತ್ತಿಗೆ ಟಿ.ವಿ. ಮತ್ತೆ ಜೋರಾಯ್ತು."

"ಏನು ಟಿ.ವಿ.? ಏನು ಒದರ್ತಿದ್ದಾಳೆ ಇವಳು?" ಎಂದ ಜಖಾರ್. "ಕುಡಿಯೋ ನೆಂಟ."

ವೆನಿಯಾಮಿನ್ ಲೋಟ ಮುಟ್ಟಲಿಲ್ಲ. ಧೈರ್ಯ ಬಂತು ಎಂದರೆ ಸುಳ್ಳಾಗುತ್ತದೆ. ಹೆದರಿಕೆಯಿಂದ ಅವನಿಗೆ ಮೂತ್ರ ಬಂದಂತಾಗಿತ್ತು.

"ನೀನು ನಿನ್ನೆ ಇವರನ್ನ ಹೊಡೆದೆ" ಎಂದ.

ಜಖಾರ್ ನಕ್ಕ. "ಗಂಡ ಹೆಂಡ್ತಿ ವಿಷಯ ಬಿಡೋ. ಕುಡಿ."

"ನೀನು ಇವರನ್ನ ಹೊಡೆದೆ."

"ಕೇಳಿಸ್ತು. ಒಂದ್ಸಲ ಹೇಳಿದ್ಯಲ್ಲ. ಇವತ್ತು ನನ್ನ ಜೀವ ಉಳಿಸಿದೀಯ, ಅದಕ್ಕೆ ಸುಮ್ನಿದೀನಿ."

"ನೀನು ಇವರನ್ನ ಹೊಡೆದೆ."

ಏಟು ಬಿದ್ದದ್ದು ಬಾಯಿಗೆ. ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ. ಎದ್ದು ಕೂತು ಅದೇ ಮಾತು ಹೇಳಿದ. ಜಖಾರ್ ಅವನ ಮೇಲೆ ಕೂತು ಹೊಡೆಯತೊಡಗಿದ, ಕೆಲಸದಲ್ಲಿ ಮುಳುಗಿದವನ ಹಾಗೆ, ಬೇರೆ ಯಾವುದರ ಕಡೆಗೂ ಗಮನವಿಲ್ಲದೆ. ಅವನ ತೋಳಿನ ಸಂದಿಯಿಂದ ವೆನಿಯಾಮಿನ್‌ಗೆ ನೊನ್ನಾ ಗೂಟದಿಂದ ಕೋಟು ತೆಗೆದುಕೊಂಡದ್ದು ಕಾಣಿಸಿತು. ಅವಳು ಇಬ್ಬರ ಕಡೆಗೂ ನೋಡಲಿಲ್ಲ. ಬರಿಗಾಲನ್ನು ಬೂಟಿನೊಳಗೆ ತೂರಿಸಿ, ಬಾಗಿಲನ್ನು ಸದ್ದಾಗದಂತೆ ತೆರೆದು ಹೊರಗೆ ಹೋದಳು. ತನ್ನನ್ನು ಅವಳು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ ಎಂದು ಅವನಿಗೆ ತಿಳಿಯಿತು. ಜಖಾರ್ ಉಸಿರು ತೆಗೆದುಕೊಳ್ಳಲು ಕೈ ನಿಲ್ಲಿಸಿ ತಲೆ ಎತ್ತುವುದರಲ್ಲಿದ್ದ. "ಹೊಡೆದೆ ನೀನು" ಎಂದ ವೆನಿಯಾಮಿನ್, ಮುರಿದ ಹಲ್ಲುಗಳ ನಡುವಿನಿಂದ, ಆದಷ್ಟು ಜೋರಾಗಿ. ಕೈ ಮತ್ತೆ ಇಳಿಯಿತು. ಮೆಟ್ಟಿಲ ಮೇಲೆ ಬೂಟಿನ ಸದ್ದು ಇನ್ನೂ ಕೇಳುತ್ತಿತ್ತು, ಎರಡನೇ ಮಹಡಿಗೆ ಇಳಿದಿರಬೇಕು. ಅದು ಕೇಳಿಸದಾಗುವವರೆಗೆ ಅವನು ಹೇಳುತ್ತಲೇ ಇದ್ದ.